ಲಾಕ್ ನೋಡಲು ಹೋಗುವವರಿಗೆ: ಮಂಗಳವಾರ ಬೇಡ

ಲಾಕ್ ಎಂದರೆ ಕ್ಯಾಲಿಫೋರ್ನಿಯಾದಲ್ಲಿ ಚೀನೀ ವಲಸಿಗರು ಕಟ್ಟಿಕೊಂಡ ಪುಟ್ಟ ಹಳೇ ಊರು. ಮೊದಲ ಸಲ ನಾವು ಊರನ್ನೇ ದಾಟಿ ಮುಂದೆ ಹೋಗಿಬಿಟ್ಟಿದ್ದೆವು. ರಸ್ತೆ ಇರುವುದು ಸ್ಯಾಕ್ರಮೆಂಟೊ ನದಿಯ ಏರಿಯ ಮೇಲೆ. ಅಲ್ಲಿಂದ ಒಂದಷ್ಟು ಹಳೇ ಮರದ ಕಟ್ಟಡಗಳು ಕಾಣುತ್ತವೆ, ಅಷ್ಟೇ. ಮುಖ್ಯ ಬೀದಿ ಇರುವುದು ಏರಿಯ ಕೆಳಗೆ. ವಾಪಸ್ ಬಂದು ಇಳಿದರೆ ಅವತ್ತು ಮಂಗಳವಾರ, ಮ್ಯೂಸಿಯಂಗೆ ಬೀಗ. ಹಾಗಾಗಿ ಶನಿವಾರವೋ ಭಾನುವಾರವೋ ಹೋಗಿ. ಸಮಯವನ್ನು ಒಮ್ಮೆ ವಿಚಾರಿಸಿಕೊಂಡೇ ಹೊರಡಿ.

ಸ್ಯಾಕ್ರಮೆಂಟೊದಿಂದ ಸುಮಾರು 30 ಮೈಲಿ. ಬೇ ಏರಿಯಾದವರು (ಸ್ಯಾನ್ ಫ್ರಾನ್ಸಿಸ್ಕೊ ಕಡೆಯವರು) ಆಂಟಿಯಾಕ್ ಸೇತುವೆ ಹತ್ತಿ 160ನೇ ಹೆದ್ದಾರಿಯಲ್ಲಿ ಬನ್ನಿ. ಉತ್ತರಕ್ಕೆ ಹೋಗುವಾಗ ಟೋಲ್ ಇದೆ. ದಾರಿಯುದ್ದಕ್ಕೂ ನದಿ, ಪೇರ್ ಹಣ್ಣಿನ ತೋಟ. ರಸ್ತೆ ಮಾತ್ರ ಕಿರಿದು, ಚಳಿಗಾಲದಲ್ಲಿ ಮಂಜು ಜಾಸ್ತಿ. ಕತ್ತಲಾಗುವ ಮೊದಲೇ ಹೊರಟುಬಿಡಿ.

ಲಾಕ್‌ಗೆ ಪುರಸಭೆ ಇಲ್ಲ, ಮೇಯರ್ ಇಲ್ಲ, ಎಲ್ಲ ಕೌಂಟಿಯದೇ (ನಮ್ಮ ಜಿಲ್ಲಾಡಳಿತದಂಥದ್ದು) ಉಸ್ತುವಾರಿ. ಹತ್ತು ನಿಮಿಷದಲ್ಲಿ ನಡೆದು ಮುಗಿಸಬಹುದು. ಆದರೆ ಕಥೆ ಗೊತ್ತಿಲ್ಲದೆ ಹೋದರೆ ಸುಮ್ನೆ ವಾಲಿಕೊಂಡಿರುವ ಹಳೇ ಮನೆಗಳ ಸಾಲು ಎನಿಸುತ್ತದೆ.

ಈ ಕಡೆಯೆಲ್ಲ ಹಿಂದೆ ಜೌಗು ನೆಲ. 1860, 70ರ ದಶಕಗಳಲ್ಲಿ ಇಲ್ಲಿ ಏರಿ ಕಟ್ಟಿದವರಲ್ಲಿ ಚೀನೀ ಕೂಲಿಗಳೇ ಹೆಚ್ಚು. ನೆಲ ಒಣಗಿ ತೋಟವಾದ ಮೇಲೆ ಅದರಲ್ಲಿ ದುಡಿದವರೂ ಅವರೇ. ಆದರೆ 1913ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ತಂತು. ಪೌರತ್ವ ಸಿಗದ ಏಷ್ಯಾದವರು ಕೃಷಿಭೂಮಿ ಕೊಳ್ಳುವಂತಿಲ್ಲ. 1915ರ ಅಕ್ಟೋಬರ್‌ನಲ್ಲಿ ಪಕ್ಕದ ವಾಲ್ನಟ್ ಗ್ರೋವ್‌ನ ಚೀನೀ ಕೇರಿ ಸುಟ್ಟುಹೋಯಿತು. ಅಲ್ಲಿಂದ ಎದ್ದು ಬಂದ, ಚೀನಾದ ಝೋಂಗ್‌ಶಾನ್ ಕಡೆಯವರು ಲಾಕ್ ಮನೆತನದ ಜಮೀನನ್ನು ಬಾಯಿಮಾತಿನ ಗುತ್ತಿಗೆಗೆ ಹಿಡಿದು ಊರು ಕಟ್ಟಿದರು. ಗೋಡೆ ತಮ್ಮದು, ಗೋಡೆಯಡಿಯ ಮಣ್ಣು ಬೇರೆಯವರದು! ಆ ಕಾನೂನು 1952ರಲ್ಲಿ ಬಿದ್ದುಹೋಯಿತು. ಆದರೆ ಮನೆಯಡಿಯ ಜಾಗ ಕೊಳ್ಳುವ ಅವಕಾಶ ಬಂದದ್ದು 2004ರಲ್ಲಿ. ಅಷ್ಟರಲ್ಲಿ ಹೆಚ್ಚಿನ ಚೀನೀ ಕುಟುಂಬಗಳು ಊರು ಬಿಟ್ಟಾಗಿತ್ತು. ನನಗೆ ತುಂಬ ಕಾಡಿದ್ದು ಇದೇ.

ಎರಡನೇ ಸಲ ಭಾನುವಾರ ಹೋದೆವು. ಡೈ ಲಾಯ್ ಮ್ಯೂಸಿಯಂ ತಪ್ಪಿಸಬೇಡಿ. ಅದು ಹಿಂದೆ ಜೂಜಿನ ಅಡ್ಡೆ, 1951ರಲ್ಲಿ ಮುಚ್ಚಿಸಿದರು. ಅಲ್ಲಿ ಫ್ಯಾನ್‌ಟ್ಯಾನ್ ಎಂಬ ಆಟ ನಡೆಯುತ್ತಿತ್ತು. ಗುಂಡಿಗಳ (ಬಟನ್) ರಾಶಿಯನ್ನು ನಾಲ್ಕು ನಾಲ್ಕಾಗಿ ಎಣಿಸುತ್ತ ಹೋಗುವುದು, ಕೊನೆಗೆ ಉಳಿಯುವುದೆಷ್ಟು ಎಂದು ಪಣ ಕಟ್ಟುವುದು. ನಮ್ಮ ಮಗ ಪಾರ್ಕಿಂಗ್‌ನ ಕಲ್ಲು ಆರಿಸಿ ಅದನ್ನೇ ಶುರು ಹಚ್ಚಿಕೊಂಡ. ಚೀನೀ ಶಾಲೆಯನ್ನೂ ನೋಡಿ. ಕೆಲವು ಕಟ್ಟಡಗಳ ಕೆಳ ಅಂತಸ್ತು ಬೀದಿಗೆ, ಮೇಲಂತಸ್ತು ಏರಿಯ ರಸ್ತೆಗೆ ತೆರೆದುಕೊಳ್ಳುತ್ತದೆ. ಎರಡೂ ಕಡೆಯಿಂದ ನೋಡಿದರೇ ಗೊತ್ತಾಗುವುದು.

ಊಟದ ವಿಷಯ. 1934ರಿಂದ ಇರುವ ಆಲ್ಸ್ ಪ್ಲೇಸ್‌ಗೆ ಸ್ಟೇಕ್‌ನಿಂದ ಹೆಸರು. ಸಸ್ಯಾಹಾರಿಗಳು ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗುವುದೇ ವಾಸಿ. ಬೇಸಿಗೆಯಲ್ಲಾದರೆ ನೀರು ಜಾಸ್ತಿ ಇರಲಿ, ಬಿಸಿಲು ಸುಡುತ್ತದೆ.

ಇನ್ನೊಂದು ಮಾತು. ಇಲ್ಲಿ ಈಗಲೂ ಜನ ವಾಸವಿದ್ದಾರೆ. ಫೋಟೋ ಚೆನ್ನಾಗಿ ಬರುತ್ತದೆ ಅಂತ ಕಂಡವರ ಹಿತ್ತಲಿಗೆ ನುಗ್ಗಬೇಡಿ.