ಪಂಪಿನ ಸದ್ದೂ ಕೇಳಬೇಕು

ಮಳೆಗಾಲದ ನಡುವೆ ಎರಡು ದಿನ ಬಿಸಿಲು ಬಂದರೆ ನಮ್ಮ ಫೋನಿಗೆ ಬಿಡುವೇ ಇರುವುದಿಲ್ಲ. ಅಡಿಕೆಗೆ ಮದ್ದು ಬಿಡುವವರೆಲ್ಲ ಒಟ್ಟಿಗೇ ಪಂಪು ಹೊರಗೆ ತೆಗೆಯುತ್ತಾರೆ. ಮೈಲುತುತ್ತು, ಸುಣ್ಣ ಕಲಸಿ ಆಗಿರುತ್ತದೆ. ಮರ ಹತ್ತುವವರೂ ಬಂದಿರುತ್ತಾರೆ. ಆಗಲೇ ಪಂಪು ಕೈಕೊಡುವುದು. ಕಲಸಿದ ಮದ್ದನ್ನು ಅದೇ ದಿನ ಮುಗಿಸಬೇಕು, ನಾಳೆಗೆ ಇಡುವ ಹಾಗಿಲ್ಲ. ಅಂಥ ಹೊತ್ತಲ್ಲಿ ಬರುವ ಫೋನನ್ನು ಎತ್ತುವವಳು ನಾನು.

ನಮ್ಮ ಪಂಪಿನ ಅಂಗಡಿ ಇರುವುದು ಮಂಗಳೂರಲ್ಲಿ, ನಾನಿರುವುದು ಗಡಿಯ ಈಚೆ, ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆಯ ಮನೆಯಲ್ಲಿ. ನಾವು ಒಟ್ಟು ಆರು ಜನ. ಮೂವರು ಅಂಗಡಿಯಲ್ಲಿ, ಒಬ್ಬರು ಪುತ್ತೂರಲ್ಲಿ, ಇಬ್ಬರು ಗಡಿಯ ಈಚೆ. ಮೊದಲು ನಾನೂ ದಿನಾ ಉಪ್ಪಳಕ್ಕೆ ಹೋಗಿ ಮಂಗಳೂರು ಬಸ್ಸು ಹಿಡಿಯುತ್ತಿದ್ದೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ತಲಪಾಡಿಯಲ್ಲಿ ಗಡಿ ಮುಚ್ಚಿತು. ಅಂಗಡಿಯ 0824 ನಂಬರಿಗೆ ಬರುವ ಕರೆಗಳನ್ನೆಲ್ಲ ನನ್ನ ಮೊಬೈಲಿಗೆ ತಿರುಗಿಸಿದರು. ಆಗ ಬೇರೆ ದಾರಿ ಇರಲಿಲ್ಲ.

ಆದರೆ ಗಡಿ ತೆರೆದ ಮೇಲೂ ಅದು ಹಾಗೇ ಮುಂದುವರಿಯಿತು. ನಾನು ತಿರುಗಿ ಫೋನ್ ಮಾಡಿದವರೆಲ್ಲ ನನ್ನ ನಂಬರನ್ನು ‘ಪಂಪು ಅಕ್ಕ’ ಅಂತ ಸೇವ್ ಮಾಡಿಕೊಂಡರು. ರಾತ್ರಿ ಹತ್ತಕ್ಕೆ ಕರೆ, ಭಾನುವಾರ ಕರೆ. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದ ವಾರ, ಅಲ್ಲಿದ್ದ ತಮ್ಮ ಅರ್ಧ ಗಂಟೆ ಪ್ರಯತ್ನಿಸಿದರೂ ನನ್ನ ಫೋನ್ ಬಿಜಿ ಬರುತ್ತಿತ್ತಂತೆ. ಅದನ್ನು ನೆನೆದರೆ ಈಗಲೂ ಹೊಟ್ಟೆಯೊಳಗೆ ಸಂಕಟ ಆಗುತ್ತದೆ. ಮನೆಯಲ್ಲೇ ಕೂತು ಕೆಲಸ ಮಾಡುವವರ ಸ್ವಂತ ನಂಬರನ್ನು ಅಂಗಡಿಯ ನಂಬರ್ ಮಾಡಬಾರದು. ಅದನ್ನೇ ಧಣಿಗಳಿಗೆ ಹೇಳಿದೆ. ಅವರು ಒಪ್ಪಿದರು.

ಹಾಗೆ ನಮಗೆ ಕ್ಲೌಡ್ ಫೋನ್ ಬಂತು. ಬಂದ ಕರೆಗಳನ್ನು ಒಳಗಿನ ಫೋನುಗಳಿಗೆ ಹಂಚುತ್ತಿದ್ದ, ಅಂಗಡಿಯ ಗೋಡೆಯಲ್ಲಿದ್ದ ಇಪಿಎಬಿಎಕ್ಸ್ ಪೆಟ್ಟಿಗೆಯ ಕೆಲಸವನ್ನು ಈಗ ದೂರದಲ್ಲೆಲ್ಲೋ ಇರುವ ಸರ್ವರ್ ಮಾಡುತ್ತದೆ. ಹಳೆ ನಂಬರಿಗೆ ಬಂದ ಕರೆ ಹೊಸ ನಂಬರಿಗೆ ಹೊರಳಿ, ಅಲ್ಲಿಂದ ನಮ್ಮ ಆರು ಜನರಲ್ಲಿ ಯಾರು ಬಿಡುವಾಗಿದ್ದಾರೋ ಅವರಿಗೆ ಬರುತ್ತದೆ. ನಾನು ತಿರುಗಿ ಮಾಡಿದರೆ ಅವರಿಗೆ ಕಾಣುವುದು ಅಂಗಡಿಯ ನಂಬರ್, ನನ್ನದಲ್ಲ.

ಮೊದಲ ವಾರ ಕಷ್ಟವಾಯಿತು. ರಿಂಗ್ ಆಗುತ್ತಿತ್ತು, ನನ್ನ ಮಾತು ಅವರಿಗೆ ಕೇಳುತ್ತಿತ್ತು, ಅವರದ್ದು ನನಗಿಲ್ಲ. "ಹಲೋ, ಕೇಳ್ತಾ ಉಂಟಾ?" ಅಂತ ಕೂಗಿ ಕೂಗಿ ಗಂಟಲು ಒಣಗಿತು. ಇಂಟರ್ನೆಟ್ ಕರೆಯಲ್ಲಿ ರಿಂಗ್ ಬರುವ ದಾರಿ ಬೇರೆ, ದನಿ ಬರುವ ದಾರಿ ಬೇರೆ. ನಮ್ಮ ರೌಟರಿನಲ್ಲಿದ್ದ ಎಸ್‌ಐಪಿ ಎಎಲ್‌ಜಿ ಎಂಬ ಸವಲತ್ತು ದನಿಯ ವಿಳಾಸವನ್ನು ತಪ್ಪಾಗಿ ತಿದ್ದುತ್ತಿತ್ತು. ಅದನ್ನು ಆಫ್ ಮಾಡಿದ ಮೇಲೆ ಸರಿಯಾಯಿತು. ಸ್ಪೀಡ್ ಜಾಸ್ತಿ ಇದ್ದರೆ ಸಾಕು ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ನಿಜವಾಗಿ ಒಂದು ಕರೆಗೆ ಒಂದು ಕಡೆಗೆ 100 ಕೆಬಿಪಿಎಸ್ (ಸೆಕೆಂಡಿಗೆ 100 ಕಿಲೋಬಿಟ್) ಕೂಡ ಬೇಡ. ದನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 50 ಸಣ್ಣ ಪೊಟ್ಟಣ ಕಟ್ಟಿ ಕಳಿಸುತ್ತಾರೆ. ಅವು ಹಿಂದೆ ಮುಂದೆ ಆಗದೆ, ಹೊತ್ತಿಗೆ ಸರಿಯಾಗಿ ಬರಬೇಕು, ಅಷ್ಟೇ. ತಡವಾಗಿ ಬಂದ ಪೊಟ್ಟಣ ಬಿಸಾಡಲಿಕ್ಕೆ ಮಾತ್ರ.

ಭಾಷೆಯ ವಿಷಯಕ್ಕೆ ನಾನು ಹಟ ಹಿಡಿದೆ. ಮೊದಲು ಯಂತ್ರದ ದನಿಯಲ್ಲಿ "ಕನ್ನಡಕ್ಕಾಗಿ ಒಂದನ್ನು ಒತ್ತಿರಿ" ಅಂತ ಬರುತ್ತಿತ್ತು. ವಯಸ್ಸಾದವರು ಅದನ್ನು ಕೇಳಿ ಸುಮ್ನೆ ಇಟ್ಟುಬಿಡುತ್ತಿದ್ದರು. ಈಗ ಮೂರು ಭಾಷೆಯಲ್ಲೂ ನಮ್ಮದೇ ದನಿ ಇದೆ. ಕನ್ನಡ ನನ್ನದು, ಮಲಯಾಳ ನನ್ನ ಜೊತೆಯವಳದ್ದು. "ತುಳುಟು ಪಾತೆರೊಡಾಂಡ ಮೂಜಿ ಒತ್ತ್‌ಲೆ" (ತುಳುವಿನಲ್ಲಿ ಮಾತಾಡಬೇಕಾದರೆ ಮೂರು ಒತ್ತಿ) ಅನ್ನುವುದು ಅಂಗಡಿಯ ಮೆಕ್ಯಾನಿಕ್ ಅಣ್ಣ. ನಮ್ಮ ಕಡೆ ಒಂದೇ ಮನೆಯಲ್ಲಿ ಮೂರು ಭಾಷೆ ಇರುತ್ತದೆ, ಅಲ್ವಾ? ಪಂಪು ಕೆಟ್ಟ ಗಡಿಬಿಡಿಯಲ್ಲಿ ಬಾಯಿಗೆ ಬರುವುದು ಮಾತ್ರ ಒಂದೇ ಭಾಷೆ.

ಜುಲೈಯಲ್ಲಿ ಬಾಯಾರು ಕಡೆಯ ಒಬ್ಬರು ಅಜ್ಜ ಫೋನ್ ಮಾಡಿದರು. "ಪ್ರೆಷರ್ ಇಲ್ಲ ಮಗಾ, ಮದ್ದು ಅಡಿಕೆ ಗೊನೆಗೆ ಮುಟ್ಟುವುದಿಲ್ಲ. ಎಂತದೋ ಸದ್ದು ಉಂಟು, ಕೇಳು" ಅಂತ ಫೋನನ್ನು ಪಂಪಿನ ಹತ್ತಿರ ಹಿಡಿದರು. ನನಗೆ ಏನೂ ಕೇಳಲಿಲ್ಲ. ಬಾವಿಯೊಳಗಿಂದ ಬಂದ ಹಾಗೆ ಒಂದು ಗುಂಯ್ ಅನ್ನುವುದು ಬಿಟ್ಟರೆ ಪೂರಾ ಮೌನ. ಆಮೇಲೆ ಹೊಳೆಯಿತು, ಕ್ಲೌಡ್ ಫೋನಿನ ಆ್ಯಪಿನಲ್ಲಿ ಗದ್ದಲ ಅಡಗಿಸುವ ಸವಲತ್ತು ಆನ್ ಇತ್ತು. ಮನುಷ್ಯರ ದನಿ ಬಿಟ್ಟು ಉಳಿದದ್ದನ್ನೆಲ್ಲ ಅದು ಒರೆಸಿಹಾಕುತ್ತದೆ. ನಮಗೆ ಬೇಕಾದದ್ದು ಆ ಉಳಿದದ್ದೇ. ಆಫ್ ಮಾಡಿ, "ಇನ್ನೊಮ್ಮೆ ಹಿಡೀರಿ ಅಜ್ಜ" ಅಂದೆ. ಈಗ ಸದ್ದು ಬಂತು. ಟಕ್ ಟಕ್ ಟಕ್, ನಡುವೆ ಒಂದು ಉಸಿರು ಎಳೆದಂತೆ, ಮತ್ತೆ ಟಕ್ ಟಕ್. ಕರೆ ಕಡಿಯದೆ ಮೆಕ್ಯಾನಿಕ್ ಅಣ್ಣನನ್ನೂ ಸೇರಿಸಿದೆ. ಅವರು ಹತ್ತು ಸೆಕೆಂಡು ಕೇಳಿ, "ಗಾಳಿ ಎಳೀತಾ ಉಂಟು, ಸಕ್ಷನ್ ಪೈಪಿನ ವಾಷರ್ ನೋಡಿ" ಅಂದರು. ವಾಷರ್ ಸೀಳಿತ್ತು. ಅಜ್ಜ ಹಳೆ ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದರು. ಪಂಪು ಒಂದೇ ಸಮನೆ ಓಡತೊಡಗಿದ್ದು ನಮಗಿಬ್ಬರಿಗೂ ಕೇಳಿತು.

ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗಿಗೆ ರೌಟರಿನ ಪ್ಲಗ್ ಎಳೆದಿಡುತ್ತೇನೆ. ಒಮ್ಮೆ ಸುಟ್ಟು ಹೋಗಿದೆ. ಗುಡುಗಿನ ಹೊತ್ತಲ್ಲಿ ಆ್ಯಪನ್ನು ಮೊಬೈಲ್ ಮೋಡ್‌ಗೆ ಬದಲಾಯಿಸಿದರೆ ಸರ್ವರ್ ನನ್ನ ಮೊಬೈಲಿಗೆ ಮಾಮೂಲಿ ಕರೆ ಮಾಡಿ ಅವರನ್ನು ಜೋಡಿಸುತ್ತದೆ, ಇಂಟರ್ನೆಟ್ ಬೇಡ. ಸಂಜೆ ಆರೂವರೆಗೆ ಆ್ಯಪಿನಲ್ಲಿ ನನ್ನ ಹೆಸರನ್ನು ಆಫ್ ಮಾಡುತ್ತೇನೆ. ಆಮೇಲೆ ಬಂದವರು ಸಂದೇಶ ಹೇಳಿ ಇಡಬಹುದು. ಬೆಳಿಗ್ಗೆ ಚಾ ಕುಡಿಯುವ ಮೊದಲು ನಾನು ಕೇಳುವುದು ಅವನ್ನೇ.

ಎರಡನೇ ಸಲ ಮದ್ದು ಬಿಡುವ ಹೊತ್ತಿಗೆ ಒಂದು ಸಂದೇಶ ಬಂದಿತ್ತು. ಇಪ್ಪತ್ತು ಸೆಕೆಂಡು, ಒಂದು ಮಾತೂ ಇಲ್ಲ, ಬರೀ ಪಂಪಿನ ಸದ್ದು. ನಂಬರ್ ನೋಡಿದರೆ ಬಾಯಾರಿನ ಅಜ್ಜನದ್ದು. ಮೆಕ್ಯಾನಿಕ್ ಅಣ್ಣನಿಗೆ ಕಳಿಸಿದೆ. ಈ ಸಲ ಬೆಲ್ಟು ಅಂತೆ.