ವಿಶ್ವ ಉಬ್ಬಿದ್ದನ್ನು ಕಂಡವರು ಯಾರು?

ಊರಿಗೆ, ಅಂದರೆ ರಾಯಚೂರು ಜಿಲ್ಲೆಯ ಮಸ್ಕಿಗೆ, ಹೋದಾಗಲೆಲ್ಲ ಈ ಪ್ರಶ್ನೆ ತಪ್ಪಿದ್ದಲ್ಲ. ನಾನು ಸೈದ್ಧಾಂತಿಕ ಭೌತವಿಜ್ಞಾನಿ. ವಿಶ್ವದ ಮೊಟ್ಟಮೊದಲ ಸೆಕೆಂಡಿನ ಅತಿ ಸಣ್ಣ ಚೂರಿನಲ್ಲಿ ಅದು ಏಕಾಏಕಿ ಅಗಾಧವಾಗಿ ಉಬ್ಬಿತು ಎನ್ನುವ ಇನ್‌ಫ್ಲೇಶನ್ ಸಿದ್ಧಾಂತ ನನ್ನ ಸಂಶೋಧನೆಯ ವಿಷಯ. ಮದುವೆಯ ಪಂಕ್ತಿಯಲ್ಲಿ ಕುಳಿತ ಹಿರಿಯರು ನಗುತ್ತಾ ಕೇಳುತ್ತಾರೆ, ಕಾಲೇಜು ಹುಡುಗರು ಸಂಕೋಚದಿಂದ ಕೇಳುತ್ತಾರೆ: ‘ಅದನ್ನು ಕಂಡವರು ಯಾರು? ಕಾಣದೆ ಹೇಗೆ ಹೇಳುತ್ತೀರಿ?’ ಕುಹಕ ಬೆರೆತಿದ್ದರೂ ನನಗೆ ಈ ಪ್ರಶ್ನೆ ಇಷ್ಟ. ‘ಇದರಿಂದ ಏನು ಲಾಭ’ ಎನ್ನುವುದಕ್ಕಿಂತ ನೂರು ಪಾಲು ಮೇಲು.

ಯಾರೂ ಕಂಡಿಲ್ಲ, ಬೆಳಕಿನ ನೆರವಿನಿಂದ ಕಾಣಲೂ ಆಗದು. ವಿಶ್ವಕ್ಕೆ ಸುಮಾರು 3,80,000 ವರ್ಷ ತುಂಬುವವರೆಗೆ ಬೆಳಕು ನೇರವಾಗಿ ಸಾಗಲಾಗದಷ್ಟು ಅದು ಮಬ್ಬಾಗಿತ್ತು. ಮಬ್ಬು ಹರಿದಾಗ ಹೊರಟ ಬೆಳಕು 1380 ಕೋಟಿ ವರ್ಷ ಪಯಣಿಸಿ, ತಣಿದು, ಇಂದು ಎಲ್ಲ ದಿಕ್ಕುಗಳಿಂದಲೂ ಮೈಕ್ರೋವೇವ್ ಆಗಿ ನಮ್ಮನ್ನು ತಲುಪುತ್ತಿದೆ. ಪೆಂಜಿಯಾಸ್ ಮತ್ತು ವಿಲ್ಸನ್ 1965ರಲ್ಲಿ ವರದಿ ಮಾಡಿದ್ದು ಇದನ್ನೇ. ನಮ್ಮ ಕೈಯಲ್ಲಿರುವ ಅತಿ ಹಳೆಯ ದಾಖಲೆ ಇದು.

ಈ ದಾಖಲೆಯಲ್ಲಿ ಒಂದು ವಿಚಿತ್ರವಿದೆ. ಆಕಾಶದ ಯಾವ ಮೂಲೆಯನ್ನು ಅಳೆದರೂ ಉಷ್ಣತೆ ನಿರಪೇಕ್ಷ ಶೂನ್ಯಕ್ಕಿಂತ 2.7 ಡಿಗ್ರಿ ಮೇಲೆ. ವ್ಯತ್ಯಾಸ ಲಕ್ಷದಲ್ಲಿ ಒಂದು ಪಾಲಿನಷ್ಟು. ಹುಣ್ಣಿಮೆಯ ಚಂದ್ರ ನಮಗೆ ಅರ್ಧ ಡಿಗ್ರಿ ಅಗಲ ಕಾಣುತ್ತಾನೆ. ಇನ್‌ಫ್ಲೇಶನ್ ಇಲ್ಲದ ಲೆಕ್ಕದಲ್ಲಿ, ಅಂಥ ನಾಲ್ಕೈದು ಚಂದ್ರರಿಗಿಂತ ಹೆಚ್ಚು ದೂರವಿರುವ ಎರಡು ತುಣುಕುಗಳ ನಡುವೆ ಆ ಹೊತ್ತಿಗೆ ಬೆಳಕು ಕೂಡ ಹಾದುಹೋಗಿರಲಾರದು. ಪರಿಚಯವೇ ಇಲ್ಲದ ಇವು ಒಂದೇ ಉಷ್ಣತೆಗೆ ಬಂದದ್ದು ಹೇಗೆ? ಮೊದಲು ಇವೆಲ್ಲ ಒಟ್ಟಿಗೇ ಇದ್ದವು, ಆಮೇಲೆ ನಡುವಿನ ಜಾಗವೇ ಹಿಗ್ಗಿ ಅವನ್ನು ದೂರ ಮಾಡಿತು ಎಂದು 1981ರಲ್ಲಿ ಭೌತವಿಜ್ಞಾನಿ ಅಲನ್ ಗುತ್ ವಾದಿಸಿದರು. ಅದಕ್ಕೂ ಮೊದಲೇ 1980ರಲ್ಲಿ ರಷ್ಯಾದ ಸ್ಟಾರೊಬಿನ್‌ಸ್ಕಿ ಬೇರೆ ದಾರಿಯಿಂದ ಇಂಥದೇ ಚಿತ್ರಕ್ಕೆ ಬಂದಿದ್ದರು. ಹಿಗ್ಗಿದ್ದು ಕನಿಷ್ಠ 1ರ ಮುಂದೆ 26 ಸೊನ್ನೆ ಹಾಕಿದಷ್ಟು ಪಟ್ಟು.

ಇಷ್ಟೇ ಆಗಿದ್ದರೆ ನಾನು ಈ ಕ್ಷೇತ್ರಕ್ಕೆ ಕೈ ಹಾಕುತ್ತಿರಲಿಲ್ಲ. ಒಂದು ಸಮಸ್ಯೆಗೆಂದೇ ಅಳತೆ ತೆಗೆದು ಹೊಲಿದ ಉತ್ತರ ಅದಕ್ಕೆ ಹೊಂದಿದರೆ ಯಾವ ಹೆಚ್ಚುಗಾರಿಕೆ? ಸಿದ್ಧಾಂತ ತಾನು ವಹಿಸಿಕೊಳ್ಳದ ಕೆಲಸವನ್ನೂ ಮಾಡಿದಾಗ ಮಾತ್ರ ಅದಕ್ಕೆ ಬೆಲೆ. ಇಲ್ಲಿ ಆದದ್ದು ಅದು. ಕ್ವಾಂಟಂ ನಿಯಮದ ಪ್ರಕಾರ ಖಾಲಿ ಜಾಗವೂ ಸದಾ ಕಂಪಿಸುತ್ತಿರುತ್ತದೆ. ಇನ್‌ಫ್ಲೇಶನ್ ಆ ಕಂಪನಗಳನ್ನು ಹಿಗ್ಗಿಸಿ ಗೆಲಾಕ್ಸಿಗಳ ಬೀಜವಾಗಿಸಿತು ಎಂದು 1981ರಲ್ಲೇ ಮುಖನೊವ್ ಮತ್ತು ಚಿಬಿಸೊವ್ ಲೆಕ್ಕ ಹಾಕಿದರು. ಬೀಜಗಳ ಬಲ ಸಣ್ಣ ಅಳತೆಯಲ್ಲೂ ದೊಡ್ಡ ಅಳತೆಯಲ್ಲೂ ಹೆಚ್ಚುಕಡಿಮೆ ಸಮನಾಗಿರಬೇಕು, ಆದರೆ ಪೂರ್ತಿ ಸಮನಾಗಿರಬಾರದು. ಈ ಸಮತೆಯನ್ನು ಒಂದು ಸಂಖ್ಯೆಯಿಂದ ಹೇಳುತ್ತೇವೆ: ಪೂರ್ತಿ ಸಮ ಎಂದರೆ ಅದು 1. ಆ ಹಳೆಯ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ 2018ರ ಫಲಿತಾಂಶ: 0.965, ತಪ್ಪಿನ ಅಂತರ 0.004. ಆ ‘ಹೆಚ್ಚುಕಡಿಮೆ’ಯನ್ನು ಅಳೆದು ತೋರಿಸಲು ಮೂರು ದಶಕಕ್ಕೂ ಹೆಚ್ಚು ಕಾಲ ಬೇಕಾಯಿತು.

ಹಾಗಾದರೆ ಸಾಬೀತಾಯಿತೇ? ಇಲ್ಲ. ಇಲ್ಲಿ ನಾನು ನಮ್ಮೂರಿನ ಬಂಡೆಗೆ ಮೊರೆ ಹೋಗುತ್ತೇನೆ. ದೇಶದ ನಾನಾ ಕಡೆ ‘ದೇವಾನಂಪ್ರಿಯ’ನ ಶಾಸನಗಳಿದ್ದವು. ಈತನೇ ಅಶೋಕ ಎಂದು 1837ರ ಹೊತ್ತಿಗೆ ವಿದ್ವಾಂಸರು ಸಿಂಹಳದ ಚರಿತ್ರೆಗಳ ಆಧಾರದಿಂದ ಹೇಳಿದ್ದರು. ತರ್ಕ ಗಟ್ಟಿಯಾಗಿತ್ತು, ಆದರೆ ಆಗ ಗೊತ್ತಿದ್ದ ಯಾವ ಕಲ್ಲಿನ ಮೇಲೂ ಆ ಹೆಸರಿರಲಿಲ್ಲ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಶಾಸನವನ್ನು ಕಂಡರು. ಅದರಲ್ಲಿ ‘ಅಶೋಕ’ ಎಂದೇ ಕೆತ್ತಿತ್ತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರಿನಲ್ಲೂ ಆ ಹೆಸರು ಸಿಕ್ಕಿತು. ಅಶೋಕನನ್ನು ಕಂಡವರು ಯಾರು ಎಂದು ನಮ್ಮೂರಿನಲ್ಲಿ ಯಾರೂ ಕೇಳುವುದಿಲ್ಲ! ಇನ್‌ಫ್ಲೇಶನ್ ಇಂದು ಇರುವುದು 1837 ಮತ್ತು 1915ರ ನಡುವೆ ಎಲ್ಲೋ.

ನಮಗೆ ಬೇಕಾದ ಹೆಸರು ಗುರುತ್ವ ಅಲೆಗಳದು. ಇನ್‌ಫ್ಲೇಶನ್ ನಡೆದಿದ್ದರೆ ಅದು ಜಾಗವನ್ನೇ ಅಲೆಅಲೆಯಾಗಿ ಅಲುಗಿಸಿ, ಆ ಹಳೆಯ ಬೆಳಕಿನ ಧ್ರುವೀಕರಣದಲ್ಲಿ, ಅಂದರೆ ಬೆಳಕಿನ ಅಲೆ ಕಂಪಿಸುವ ದಿಕ್ಕಿನಲ್ಲಿ, ಸುಳಿಯಂಥ ಒಂದು ವಿನ್ಯಾಸವನ್ನು ಬಿಟ್ಟಿರಬೇಕು. ಅದರ ಬಲವನ್ನು ನಾವು r ಎಂಬ ಅಕ್ಷರದಿಂದ ಗುರುತಿಸುತ್ತೇವೆ. 2014ರ ಮಾರ್ಚ್‌ನಲ್ಲಿ ದಕ್ಷಿಣ ಧ್ರುವದ ಬೈಸೆಪ್-2 ತಂಡ ಅದು ಸಿಕ್ಕಿತೆಂದು ಘೋಷಿಸಿತು, ಬೆಲೆ ಸುಮಾರು 0.2. ಜಗತ್ತಿನ ಪತ್ರಿಕೆಗಳೆಲ್ಲ ಸಂಭ್ರಮಿಸಿದವು. ಮರುವರ್ಷ ಪ್ಲಾಂಕ್ ತಂಡದೊಂದಿಗೆ ಸೇರಿ ಪರಿಶೀಲಿಸಿದಾಗ, ಆ ಸಂಕೇತವನ್ನು ನಮ್ಮದೇ ಆಕಾಶಗಂಗೆಯ ಧೂಳಿನಿಂದ ಬೇರ್ಪಡಿಸಲು ಆಗದು ಎಂದು ತಿಳಿಯಿತು.

ನನ್ನ ದಿನನಿತ್ಯದ ಕೆಲಸ ಕಾಗದದ ಮೇಲಿನದು. ಇನ್‌ಫ್ಲೇಶನ್ ನಡೆಸಿದ, ಕಾಂತಕ್ಷೇತ್ರದಂತೆ ಜಾಗದ ತುಂಬ ಹರಡಿದ್ದ ಕ್ಷೇತ್ರದ ಶಕ್ತಿ ಹೀಗಿತ್ತು ಎಂದು ಒಂದು ವಕ್ರರೇಖೆ ಬರೆಯುತ್ತೇನೆ. ಅದರ ಇಳಿಜಾರಿನಿಂದ ಎರಡು ಸಂಖ್ಯೆಗಳು ಹೊರಬರುತ್ತವೆ: ಬೀಜಗಳ ಸಮತೆಯ ಆ ಸಂಖ್ಯೆ ಮತ್ತು r. ಅವನ್ನು ಪ್ಲಾಂಕ್ ನಕ್ಷೆಯಲ್ಲಿ ಚುಕ್ಕಿಯಾಗಿ ಇಟ್ಟು, ಚುಕ್ಕಿ ಅಳತೆಗಳು ಒಪ್ಪುವ ವಲಯದ ಒಳಗಿದೆಯೋ ಹೊರಗಿದೆಯೋ ನೋಡುತ್ತೇನೆ. ಅತ್ಯಂತ ಸರಳವಾದ, ಶಕ್ತಿ ಕ್ಷೇತ್ರದ ವರ್ಗಕ್ಕೆ ಅನುಗುಣವಾಗಿ ಏರುವ ರೇಖೆಗೆ r ಸುಮಾರು 0.13 ಬರುತ್ತದೆ. 2021ರ ಅಳತೆಯ ಗರಿಷ್ಠ ಮಿತಿ 0.036. ಅಲ್ಲಿಗೆ ಆ ಚೆಲುವಾದ ಮಾದರಿಯ ಕತೆ ಮುಗಿಯಿತು. ನನಗೆ ಬೇಸರವೇ ಆಯಿತು, ಆದರೆ ಮಾದರಿಗಳು ಹೀಗೆ ಸಾಯುವುದರಿಂದಲೇ ಇದು ವಿಜ್ಞಾನ ಎಂದು ಹೇಳುವ ಧೈರ್ಯ ನನಗಿದೆ.

ಇದಕ್ಕೆ ಪಾಲ್ ಸ್ಟೈನ್‌ಹಾರ್ಟ್ ಅವರ ತಕರಾರಿದೆ. ಸಿದ್ಧಾಂತವನ್ನು ಕಟ್ಟಿದವರಲ್ಲಿ ಒಬ್ಬರಾಗಿದ್ದ ಅವರೇ ಇಂದು ಅದರ ಕಟು ಟೀಕಾಕಾರರು: ಒಂದು ಮಾದರಿ ಸತ್ತರೆ ನೀವು ಇನ್ನೊಂದನ್ನು ತರುತ್ತೀರಿ, ಇನ್‌ಫ್ಲೇಶನ್ ಮಾತ್ರ ಸಾಯುವುದೇ ಇಲ್ಲ ಎಂಬುದು ಅವರ ವಾದದ ತಿರುಳು. ಇದನ್ನು ತಳ್ಳಿಹಾಕುವವರೊಂದಿಗೆ ನಾನಿಲ್ಲ. ಸ್ಟಾರೊಬಿನ್‌ಸ್ಕಿ ಮಾದರಿ r ಸುಮಾರು 0.003 ಎನ್ನುತ್ತದೆ, ಅಂದರೆ ಈಗಿನ ಮಿತಿಗಿಂತ ಹತ್ತು ಪಟ್ಟಿಗೂ ಕೆಳಗೆ. ಅಷ್ಟು ಸೂಕ್ಷ್ಮವಾದುದನ್ನು ಹಿಡಿಯುವುದು ಜಪಾನ್ ಮುಂದಾಳತ್ವದ ಲೈಟ್‌ಬರ್ಡ್ ಉಪಗ್ರಹದ ಗುರಿ. ಅಲ್ಲಿಯೂ ಏನೂ ಸಿಗದಿದ್ದರೆ ಸ್ಟಾರೊಬಿನ್‌ಸ್ಕಿ ಚುಕ್ಕಿಯೂ ನಕ್ಷೆಯಿಂದ ಹೊರಬೀಳುತ್ತದೆ, ಅದರ ಜೊತೆಗೆ ನನ್ನ ಬಹುಪಾಲು ಲೆಕ್ಕಗಳೂ. ಉಳಿಯುವ ಮಾದರಿಗಳ ಬೆನ್ನು ಹತ್ತುವಷ್ಟು ನಂಬಿಕೆ ಆಗ ನನಗಿರಲಾರದು.