ಹೆಲಿಕಾಪ್ಟರ್ ಕಲಿಕೆ, ಮೊದಲ ಪಾಠ: 0.9 ಗಂಟೆ

ಅಂತೂ ಶನಿವಾರ ಬೆಳಿಗ್ಗೆ ಕ್ಯಾಲಿಫೋರ್ನಿಯಾದ ಟಾರೆನ್ಸ್‌ನಲ್ಲಿ ಮೊದಲ ಪಾಠ ಆಯಿತು. ಹೆಲಿಕಾಪ್ಟರ್ ರಾಬಿನ್ಸನ್ ಆರ್22. ಎರಡೇ ಸೀಟು, ಕೂತರೆ ಭುಜಕ್ಕೆ ಭುಜ ತಾಗುತ್ತದೆ. ಇದನ್ನು ತಯಾರಿಸುವ ಕಾರ್ಖಾನೆ ಇರುವುದೂ ಇದೇ ವಿಮಾನ ನಿಲ್ದಾಣದಲ್ಲಿ.

ಮೊದಲು ತೂಕ ನೋಡಿದರು. ಒಂದು ಸೀಟಿಗೆ, ಕೆಳಗಿಟ್ಟ ಸಾಮಾನೂ ಸೇರಿ, 109 ಕೆಜಿ ಮಿತಿ. ಆಮೇಲೆ ಸುರಕ್ಷತೆಯ ಪಾಠ. ಅಮೆರಿಕದಲ್ಲಿ ಆರ್22ರ ಕಂಟ್ರೋಲ್ ಮುಟ್ಟುವ ಮೊದಲು ಇದು ಕಡ್ಡಾಯ. ಹಾರುವಾಗ ಸೈಕ್ಲಿಕ್ ಕಡ್ಡಿಯನ್ನು (ಹೆಲಿಕಾಪ್ಟರನ್ನು ಹಿಂದೆ ಮುಂದೆ, ಅಕ್ಕಪಕ್ಕಕ್ಕೆ ವಾಲಿಸುವ ಕಡ್ಡಿ) ಥಟ್ಟನೆ ಮುಂದಕ್ಕೆ ತಳ್ಳಿದರೆ ರೋಟರ್, ಅಂದರೆ ಮೇಲೆ ತಿರುಗುವ ರೆಕ್ಕೆ, ತನ್ನ ಕಂಬಕ್ಕೇ ಬಡಿಯಬಹುದಂತೆ. ಅಂಗೈ ಅಲ್ಲೇ ಬೆವರಿತು.

ಸಮುದ್ರದ ಮೇಲೆ, ಸುಮಾರು 70 ನಾಟ್ ವೇಗದಲ್ಲಿ, ಸೈಕ್ಲಿಕ್ ನನ್ನ ಕೈಗೆ ಬಂತು. ಮುಂಗೈ ತೊಡೆಯ ಮೇಲೆ ಊರಿ, ಎರಡು ಬೆರಳಲ್ಲಿ ಹಿಡಿದರೆ ಸಾಕು. ನೆಟ್ಟಗೆ ಹೋಯಿತು. ಇಷ್ಟೇನಾ ಅನ್ನಿಸಿತು.

ಇಷ್ಟೇ ಅಲ್ಲ ಅಂತ ಗೊತ್ತಾಗಿದ್ದು ವಾಪಸ್ ಬಂದು ಹೋವರ್ ಶುರು ಮಾಡಿದಾಗ. ನೆಲದಿಂದ ಐದಡಿ ಮೇಲೆ ಸುಮ್ನೆ ನಿಲ್ಲಬೇಕು. ಕಲಿಸುವವರು ಮೊದಲು ಮೂತಿ ತಿರುಗಿಸುವ ಪೆಡಲ್ ಮಾತ್ರ ಕೊಟ್ಟರು, ಪರವಾಗಿಲ್ಲ. ಆಮೇಲೆ ಎಡಗೈಯ ಕಲೆಕ್ಟಿವ್, ಅಂದರೆ ಮೇಲೆ ಕೆಳಗೆ ಹೋಗಲು ಇರುವ ಹಿಡಿ. ಅದನ್ನು ಎತ್ತಿದರೆ ಮೂತಿ ಬಲಕ್ಕೆ ತಿರುಗುತ್ತದೆ, ಎಡ ಪೆಡಲ್ ಒತ್ತಬೇಕು. ಅದೂ ಹೇಗೋ ಆಯಿತು. ಸೈಕ್ಲಿಕ್ ಬಂತು ನೋಡಿ, ಕಥೆ ಮುಗೀತು. ಬಲಕ್ಕೆ ಜಾರಿತು, ಎಡಕ್ಕೆ ತಳ್ಳಿದೆ. ಏನೂ ಆಗಲಿಲ್ಲ ಅಂತ ಇನ್ನಷ್ಟು ತಳ್ಳಿದೆ. ಅಷ್ಟರಲ್ಲಿ ಮೊದಲು ತಳ್ಳಿದ್ದು ಕೆಲಸ ಮಾಡಿತ್ತು! ಈಗ ಎಡಕ್ಕೆ ಓಟ. ಒಂದೊಂದು ಸಲಕ್ಕೂ ತೂಗಾಟ ದೊಡ್ಡದು. 'ಐ ಹ್ಯಾವ್ ಕಂಟ್ರೋಲ್ಸ್' ಅಂತ ಕಲಿಸುವವರು ಎಷ್ಟು ಸಲ ಹೇಳಿದರೋ, ಲೆಕ್ಕ ತಪ್ಪಿತು. ಅವರು ಹಿಡಿದ ತಕ್ಷಣ ನೆಟ್ಟ ಕಂಬದ ಹಾಗೆ ನಿಲ್ಲುತ್ತಿತ್ತು. ಹೊಟ್ಟೆ ಉರಿಯಿತು.

'ನೆಲ ನೋಡಬೇಡ, ದೂರದ ಹ್ಯಾಂಗರ್ ನೋಡು' ಅಂದರು. ಆಗ ನೆನಪಾಗಿದ್ದು ಚಿಕ್ಕಂದಿನಲ್ಲಿ ಅಂಗೈ ಮೇಲೆ ಕೋಲು ನಿಲ್ಲಿಸುತ್ತಿದ್ದ ಆಟ. ಅಂಗೈ ನೋಡಿದರೆ ಬೀಳುತ್ತದೆ, ತುದಿ ನೋಡಿದರೆ ನಿಲ್ಲುತ್ತದೆ, ಅಲ್ವಾ? ಹ್ಯಾಂಗರ್ ಬಾಗಿಲ ಮೇಲೆ ಕಣ್ಣಿಟ್ಟು, ಕಡ್ಡಿಯ ಮೇಲಿನ ಹಿಡಿತ ಸಡಿಲ ಮಾಡಿದೆ. ಕೈ ಆಡಿಸುವ ಬದಲು ಸುಮ್ನೆ ಒತ್ತಡ ಕೊಡುವುದು, ತಕ್ಷಣ ಬಿಡುವುದು. ಆರು ಸೆಕೆಂಡ್ ನಿಂತಿತು. ಖುಷಿಯಲ್ಲಿ ಪಕ್ಕಕ್ಕೆ ತಿರುಗಿ ನಕ್ಕೆ, ಮತ್ತೆ ಜಾರಿತು.

ಖಾಸಗಿ ಲೈಸೆನ್ಸ್‌ಗೆ ಕನಿಷ್ಠ 40 ಗಂಟೆ ಬೇಕು. ಆರ್22ರಲ್ಲಿ ಒಬ್ಬನೇ ಹಾರಬೇಕಾದರೆ ಅದಕ್ಕೂ ಮೊದಲು 20 ಗಂಟೆ ಕಲಿಸುವವರ ಜೊತೆ. ಅದರಲ್ಲಿ 0.9 ಆಯಿತು.

ಮುಂದಿನ ಶನಿವಾರಕ್ಕೆ ಒಂದೇ ಬದಲಾವಣೆ: ತೆಳು ಅಟ್ಟೆಯ ಶೂ. ಓಡುವ ಶೂ ಹಾಕಿಕೊಂಡು ಹೋಗಿದ್ದೆ, ಪೆಡಲ್ ಎಲ್ಲಿದೆ ಅಂತಲೇ ಕಾಲಿಗೆ ಗೊತ್ತಾಗಲಿಲ್ಲ.